ಕಟ್ಟು ಬಿಚ್ಚುವ ಹೊತ್ತು

ಆಸ್ಪತ್ರೆಯಿಂದ ತಂದ ಹತ್ತಿಬಟ್ಟೆಯ ಪೊಟ್ಟಣವನ್ನು ಇವರು ಒಡೆದೇ ಇರಲಿಲ್ಲ. ಬಚ್ಚಲುಮನೆಯ ಗೂಡಿನಲ್ಲಿ, ಶೇವಿಂಗ್ ಸೋಪಿನ ಪಕ್ಕ, ನಾನು ಇಟ್ಟ ಹಾಗೇ ಕೂತಿತ್ತು. ಮುಲಾಮಿನ ಟ್ಯೂಬನ್ನು ಕೈಗೆತ್ತಿಕೊಂಡು ಮುಚ್ಚಳ ತಿರುಗಿಸಿದೆ. ಬಾಯಿಗೆ ಅಂಟಿಸಿದ ತೆಳು ಹಾಳೆ ಇನ್ನೂ ತೂತಾಗಿರಲಿಲ್ಲ.

ಕಿಟಕಿಯಿಂದ ನೋಡಿದರೆ ಇವರು ಸಸಿಗಳ ಸಾಲಿನ ನಡುವೆ ನಿಂತು ಯಾರೋ ಗಿರಾಕಿಯ ಜೊತೆ ನಗುತ್ತ ಮಾತಾಡುತ್ತಿದ್ದರು. ಕಾಲು ಅಗಲಿಸಿ ನಿಂತಿದ್ದರು. ಗಾಯವಾದವರು ಹಾಗೆ ನಿಲ್ಲುವುದು ಸಹಜವೇ. ಆದರೆ ಮೊನ್ನೆ ಇಷ್ಟು ಅಗಲಿಸಿರಲಿಲ್ಲ. ಮಾಗುತ್ತಿರುವ ಗಾಯವಾದರೆ ಕಾಲುಗಳು ದಿನದಿಂದ ದಿನಕ್ಕೆ ಹತ್ತಿರ ಬರಬೇಕಲ್ಲವೇ?

ಇಂಥದ್ದನ್ನೆಲ್ಲ ನೋಡುತ್ತಲೇ ಇರುವುದು ನನ್ನ ಸ್ವಭಾವ. "ನಿನ್ನ ಕಣ್ಣಿಗೆ ರೆಪ್ಪೆ ಇಟ್ಟಿದ್ದೇ ದಂಡ" ಎಂದು ಇವರು ತಮಾಷೆ ಮಾಡುತ್ತಾರೆ.

ಇವರಿಗೆ ಆಗಿದ್ದು ದೊಡ್ಡ ಶಸ್ತ್ರಚಿಕಿತ್ಸೆಯೇನಲ್ಲ. ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿವೆ. ಆ ಕಾಯಿಲೆಯ ಕೆಲವು ಗಂಡಸರಿಗೆ ಆಗುವಂತೆ ಇವರಿಗೂ ಮುಂದೊಗಲು ಬಿರುಕು ಬಿಟ್ಟು, ಮಾಗಿ, ಮತ್ತೆ ಬಿರುಕು ಬಿಟ್ಟು, ಕೊನೆಗೆ ಹಿಂದಕ್ಕೆ ಸರಿಯದಷ್ಟು ಬಿಗಿದುಕೊಂಡಿತು. ಮೂತ್ರ ಮಾಡುವಾಗ ಉರಿಯುತ್ತಿತ್ತು. ನನಗೆ ಹೇಳಲು ಇವರಿಗೆ ಅರ್ಧ ವರ್ಷ ಬೇಕಾಯಿತು, ಡಾಕ್ಟರಿಗೆ ಹೇಳಲು ನಾನೇ ಬೇಕಾಯಿತು.

"ಆ ಚರ್ಮ ತೆಗೆದುಬಿಡೋಣ. ಬೆಳಿಗ್ಗೆ ಬಂದ್ರೆ ಸಂಜೆ ಮನೆಗೆ ಹೋಗ್ಬಹುದು" ಎಂದರು ಡಾಕ್ಟರು.

ಇವರು ಮೇಜಿನ ಮೇಲಿದ್ದ ಗಾಜಿನ ಗುಂಡನ್ನೇ ನೋಡುತ್ತಿದ್ದರು. "ಈ ವಯಸ್ಸಲ್ಲಿ ಇದೆಲ್ಲ ಬೇಕಾ ಸಾರ್?"

"ಮೂತ್ರ ಹೋಗೋಕೆ ವಯಸ್ಸಿನ ಮಿತಿ ಏನಾದ್ರೂ ಇದ್ಯಾ?"

ಇವರು ನಕ್ಕರು. ಆ ನಗುವಿನಲ್ಲೇ ಒಪ್ಪಿಗೆಯೂ ಆಯಿತು. ಆಪರೇಷನ್ ಆಗಿ ಸಂಜೆ ಮನೆಗೆ ಕಳಿಸುವಾಗ ಡಾಕ್ಟರು ಮಾತಾಡಿದ್ದೆಲ್ಲ ನನ್ನ ಜೊತೆಗೇ, ಏಕೆಂದರೆ ಇವರು ಆಗಲೇ ಬಾಗಿಲ ಹೊರಗೆ ನಿಂತಿದ್ದರು.

"ಎರಡು ದಿನ ಆದ್ಮೇಲೆ ಕಟ್ಟು ಬಿಚ್ಚಿ. ಉಗುರುಬೆಚ್ಚಗಿನ ನೀರಲ್ಲಿ ತೊಳೀಬೇಕು, ಉಜ್ಜಬಾರದು. ಒತ್ತಿ ಒರೆಸಿ ಮುಲಾಮು ಹಚ್ಚಿ, ಹತ್ತಿಬಟ್ಟೆ ಸಡಿಲವಾಗಿ ಇಟ್ರೆ ಸಾಕು. ಗಾಳಿ ಆಡ್ಲಿ. ಊದ್ಕೊಳ್ಳುತ್ತೆ, ಹೆದರ್ಬೇಡಿ. ಹಳದಿ ಪೊರೆ ಥರ ಕಟ್ಟುತ್ತೆ, ಅದು ಕೀವಲ್ಲ, ಕೀಳ್ಬೇಡಿ. ಇಷ್ಟು ವರ್ಷ ಮುಚ್ಕೊಂಡಿದ್ದ ಚರ್ಮ ನೋಡಿ, ಬಟ್ಟೆ ತಾಗಿದ್ರೂ ಚುರುಚುರು ಅನ್ನುತ್ತೆ. ಬರ್ತಾ ಬರ್ತಾ ಒಣಗಿ ಗಟ್ಟಿಯಾಗುತ್ತೆ, ಬಣ್ಣಾನೂ ಸ್ವಲ್ಪ ಬದಲಾಗುತ್ತೆ. ಇದೆಲ್ಲ ಸರೀನೇ."

"ಯಾವುದು ಸರಿ ಅಲ್ಲ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಕಪ್ಪಾಗೋದು. ಕೆಟ್ಟ ವಾಸನೆ. ಜ್ವರ. ಮೂತ್ರ ಕಟ್ಟೋದು. ಕೆಂಪು ಹರಡ್ತಾ ಹೋಗೋದು. ಸಕ್ಕರೆ ಇರೋರಿಗೆ ಒಂದೊಂದ್ಸಲ ನೋವೇ ಗೊತ್ತಾಗಲ್ಲಮ್ಮ. ನೋವಿಲ್ಲ ಅಂತ ಅವ್ರು ಹೇಳಿದ್ರೆ ನಂಬ್ಬೇಡಿ. ಕಣ್ಣಲ್ಲಿ ನೋಡಿ."

ಕಣ್ಣಲ್ಲಿ ನೋಡುವುದೊಂದನ್ನೇ ಇವರು ನನಗೆ ಬಿಡಲಿಲ್ಲ. ಕಟ್ಟು ಬಿಚ್ಚುವ ದಿನ ಬಿಸಿನೀರಿನ ಪಾತ್ರೆ ಹಿಡಿದು ಹೋದವಳ ಕೈಯಿಂದ ಪಾತ್ರೆ ಇಸಿದುಕೊಂಡು ಬಾಗಿಲು ಹಾಕಿಕೊಂಡರು. ಒಳಗಿಂದ ಒಂದು ಸಲ "ಅಯ್ಯಪ್ಪಾ" ಎಂದದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಸದ್ದಿಲ್ಲ.

"ಹೇಗಿದೆ?" ಎಂದು ಬಾಗಿಲಿಗೆ ಬಾಯಿಟ್ಟು ಕೇಳಿದೆ.

"ಇರೋ ಹಾಗಿದೆ. ನೀನು ಹೋಗು, ಅಕ್ಕ ಬರ್ತಾಳೆ."

ಅಕ್ಕ ಎಂದರೆ ಇವರ ಅಕ್ಕ, ನನಗೆ ಅತ್ತಿಗೆ. ನಮ್ಮ ಜೊತೆಗೇ ಇರುತ್ತಾರೆ. ಅವರಿಗೆ ಹರ್ನಿಯಾ ಆಪರೇಷನ್ ಎಂದು ಹೇಳಿದ್ದೆವು. ಹಾಗೆ ಹೇಳಿದ್ದು ಇವರು, ತಲೆಯಾಡಿಸಿದ್ದು ನಾನು. ಅತ್ತಿಗೆಗೆ ಆ ಉತ್ತರದಿಂದ ತೃಪ್ತಿಯಾಗಿರಲಿಲ್ಲ. "ಭಾರ ಎತ್ತಿದ್ರೆ ಬರೋದಂತೆ ಅದು. ಇವನು ಜೀವಮಾನದಲ್ಲಿ ಎತ್ತಿರೋದು ಕಸಿ ಚಾಕು ಒಂದೇ. ಕುಂಡ ಎಲ್ಲ ನೀನೇ ತಾನೆ ಹೊರೋದು? ಬರೋದಾದ್ರೆ ನಿನಗೆ ಬರ್ಬೇಕಿತ್ತು" ಎಂದು ನನ್ನ ಮುಖ ನೋಡಿದ್ದರು. ನಾನು ಪಾತ್ರೆ ತೊಳೆಯುವವಳ ಹಾಗೆ ಬೆನ್ನು ತಿರುಗಿಸಿದ್ದೆ.

ನಮ್ಮದು ಸಸಿಗಳ ವ್ಯಾಪಾರ. ಮನೆಯ ಹಿಂದಿನ ಉದ್ದನೆಯ ಜಾಗ, ಮೇಲೆ ಹಸಿರು ಬಲೆ, ಕೆಳಗೆ ಕುಂಡಗಳ ಸಾಲು. ಕಸಿ ಕಟ್ಟುವುದು ಇವರು. ಮಾರುವುದು, ನೀರು ಹಾಕುವುದು ನಾನು. ನನ್ನ ಕಾಲೇಜು ಓದು ಗಿರಾಕಿಗಳ ಜೊತೆ ಮಾತಾಡಲು ಉಪಯೋಗವಾಗುತ್ತದೆ. ಈ ಗಿಡ ಬದುಕುತ್ತಾ ಎಂದು ಯಾರಾದರೂ ಕೇಳಿದರೆ ಬದುಕುತ್ತೆ ಎಂದು ನಾನು ಹೇಳುವುದಿಲ್ಲ, ನೋಡಿಕೊಂಡರೆ ಬದುಕುತ್ತೆ ಎನ್ನುತ್ತೇನೆ. ನನ್ನ ಇಂಥ ಮಾತಿಗೆ ಅರ್ಧ ವ್ಯಾಪಾರ ಹಾಳಾಗುತ್ತದೆ ಎಂದು ಇವರ ದೂರು.

ಇವರ ಕೈಯನ್ನು ಮಾತ್ರ ಯಾರೂ ದೂರುವಂತಿಲ್ಲ. ಊರಿನವರು ಕಸಿಯಣ್ಣ ಎಂದೇ ಕರೆಯುತ್ತಾರೆ. ಬುಡದ ಗಿಡದ ತೊಗಟೆಯನ್ನು ಚಾಕುವಿನ ತುದಿಯಿಂದ ಎಬ್ಬಿಸಿ, ಬೇರೆ ಗಿಡದ ಚಿಗುರುಗಣ್ಣನ್ನು ಅದರೊಳಗೆ ಕೂರಿಸಿ, ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಎಳೆದೆಳೆದು ಒಂದರ ಮೇಲೊಂದು ಸುತ್ತುತ್ತಾರೆ. ಸುತ್ತುವಾಗ ಹೇಳುವ ಮಾತು ಯಾವಾಗಲೂ ಒಂದೇ. "ಗಾಳಿ ಹೋಗ್ಬಾರದು, ನೀರು ಹೋಗ್ಬಾರದು. ಗಾಳಿ ನೀರು ಹೋಯ್ತೋ, ಕಸಿ ಹೋಯ್ತು." ಕೂಡಿಕೊಳ್ಳುವವರೆಗೆ ಬಿಚ್ಚಿ ನೋಡುವ ಚಪಲವನ್ನು ಅವರು ಯಾರಲ್ಲೂ ಸಹಿಸುವುದಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಗುಲಾಬಿಯ ಕಟ್ಟನ್ನು ನಾನು ಸ್ವಲ್ಪ ಸರಿಸಿ ನೋಡಿದ್ದಕ್ಕೆ ಒಂದಿಡೀ ದಿನ ಮಾತು ಬಿಟ್ಟಿದ್ದರು.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ಇವರ ಕಸಿಯನ್ನೂ ಇವರ ಗಾಯವನ್ನೂ ಸೇರಿಸಿ ನೋಡಲಿಲ್ಲ. ಬಚ್ಚಲಿನ ಜಾಲರಿಯಲ್ಲಿ ಬೆರಳುದ್ದದ ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡದ್ದನ್ನು ಕಂಡಾಗ ಇವರ ಅಂಗಿಯಿಂದ ಉದುರಿದ್ದೆಂದು ಕಸಕ್ಕೆ ಹಾಕಿದೆ.

ಹತ್ತಿಬಟ್ಟೆಯ ಪೊಟ್ಟಣ ಕಂಡ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದೆ.

"ಹತ್ತಿಬಟ್ಟೆ ಸಾಕಾಗುತ್ತಾ, ಇನ್ನೊಂದು ತರಲಾ?"

"ಸಾಕು."

"ಮುಲಾಮು?"

"ಹಚ್ತಾ ಇದೀನಲ್ಲ."

ಸುಳ್ಳು. ಇವರು ಸುಳ್ಳು ಹೇಳುವಾಗ ತಟ್ಟೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸುತ್ತಾರೆ. ಈಗಲೂ ಸರಿಸಿದರು.

"ನೋವು?"

"ಒಂಚೂರೂ ಇಲ್ಲ. ಮೊದಮೊದಲು ಪಂಚೆ ತಾಗಿದ್ರೆ ಜೀವ ಹೋಗ್ತಿತ್ತು. ಈಗ ಏನೂ ಇಲ್ಲ. ಇದೆ ಅಂತಾನೇ ಗೊತ್ತಾಗಲ್ಲ."

"ಏನು ಇದೆ ಅಂತ ಗೊತ್ತಾಗಲ್ಲ?" ಎಂದರು ಅತ್ತಿಗೆ ಸಾರಿನ ಸೌಟು ಹಿಡಿದುಕೊಂಡು ಬಂದು.

"ಹರ್ನಿಯಾ" ಎಂದರು ಇವರು.

"ತೆಗೆದುಹಾಕಿದ್ರೆ ಹೇಗೋ ಗೊತ್ತಾಗುತ್ತೆ? ಬುದ್ಧಿ ಇದ್ಯಾ ನಿನಗೆ?"

ಇವರು ನಕ್ಕರು. ನನಗೆ ನಗು ಬರಲಿಲ್ಲ. ನೋವಿಲ್ಲ ಎಂದರೆ ನಂಬಬೇಡಿ ಎಂದ ಡಾಕ್ಟರ ಮಾತು ನೆನಪಾಯಿತು. ಇವರು ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಎದ್ದರು. ಪಕ್ಕದಿಂದ ಹಾದು ಹೋಗುವಾಗ ಏನೋ ವಾಸನೆ ಬಂತು. ತೀರಾ ಸಣ್ಣದು. ಹೂದಾನಿಯ ನೀರನ್ನು ಬದಲಿಸದೆ ಬಿಟ್ಟರೆ ಬರುತ್ತದಲ್ಲ, ಅಂಥದ್ದು. ನಮ್ಮ ಮನೆಯಲ್ಲಿ ಹೂದಾನಿ ಇಲ್ಲ.

ಇವರು ಬಚ್ಚಲಿಗೆ ಹೋದಾಗ ಹೊರಗೆ ನಿಂತು ಕೇಳಿಸಿಕೊಂಡೆ. ಹೌದು, ನಿಂತು ಕೇಳಿಸಿಕೊಂಡೆ, ಅದರಲ್ಲಿ ನಾಚಿಕೆ ಏನಿಲ್ಲ. ನಿಂತು ನಿಂತು ಬೀಳುವ ಮೂತ್ರದ ಹನಿ. ಆಮೇಲೆ ಅದನ್ನು ಮುಚ್ಚಲು ನಲ್ಲಿ ತಿರುಗಿಸಿದ ಸದ್ದು.

"ಆಸ್ಪತ್ರೆಗೆ ಒಂದ್ಸಲ ಹೋಗಿ ಬರೋಣ" ಎಂದೆ, ಇವರು ಹೊರಬಂದ ಕೂಡಲೇ.

"ಯಾಕೆ? ಮತ್ತೆ ಆ ಸಿಸ್ಟರುಗಳೆಲ್ಲ ಸುತ್ತ ನಿಂತ್ಕೊಂಡು ನೋಡೋಕಾ? ಒಂದ್ಸಲ ಆಯ್ತಲ್ಲ ಪ್ರದರ್ಶನ."

"ಹಾಗಾದ್ರೆ ನನಗೆ ತೋರ್ಸಿ."

"ಸುಮ್ನೆ ಇರೇ" ಎಂದು ಹೊರಗೆ ನಡೆದರು. ಬಾಗಿಲ ಚೌಕಟ್ಟನ್ನು ಹಿಡಿದು ದಾಟಿದರು. ಹಿಡಿದ ಕೈಯನ್ನು ನಾನು ಮುಟ್ಟಿದೆ. ಬಿಸಿಯಿತ್ತು. ಬಿಸಿಲಿನಲ್ಲಿ ಕೆಲಸ ಮಾಡುವವರ ಕೈ ಬಿಸಿಯಾಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ಹಾಗೆ ಹೇಳಿಕೊಂಡದ್ದಕ್ಕೇ ಇನ್ನಷ್ಟು ಹೆದರಿದೆ. ಇವರು ಬೆಳಗಿನಿಂದ ಬಿಸಿಲಿಗೆ ಹೋಗಿರಲೇ ಇಲ್ಲ, ಬಲೆಯ ನೆರಳಿನಲ್ಲೇ ಇದ್ದರು.

ಆ ಮಧ್ಯಾಹ್ನವೇ ಔಷಧಿ ಅಂಗಡಿಯವಳು ಬಂದಳು. ಹೋದ ವರ್ಷ ನಮ್ಮಲ್ಲಿ ಒಂದು ನಿಂಬೆ ಕಸಿ ಕೊಂಡಿದ್ದಳು. ಅದನ್ನು ಕುಂಡದ ಸಮೇತ ಹೊತ್ತು ತಂದು ಇವರ ಕಾಲ ಬುಡದಲ್ಲಿ ಇಟ್ಟಳು.

"ಏನ್ ಕಸಿಯಣ್ಣ, ಒಳ್ಳೇ ಜಾತಿ ಅಂದ್ರಿ, ನೋಡಿ ಇದರ ಅವತಾರ. ಎಲೆ ಎಲ್ಲ ಸುಣ್ಣ ಬಳಿದ ಹಾಗಾಗಿದೆ."

ಇವರು ಕಷ್ಟಪಟ್ಟು ಕೂತರು. ಎಲೆಗಳನ್ನು ಸರಿಸಿ ಕಾಂಡ ನೋಡಿದರು. ಮುಖ ಗಂಟಿಕ್ಕಿತು.

"ಪಟ್ಟಿ ಬಿಚ್ಚಿಲ್ಲವಲ್ರೀ!"

"ಯಾವ ಪಟ್ಟಿ?"

"ಇದು. ಚಿಗುರು ಬಂದ ಮೇಲೆ ಬಿಚ್ಚಿ ಅಂತ ನಮ್ಮನೆಯವಳು ಹೇಳಿರ್ತಾಳೆ. ಅವಳು ಹೇಳದೆ ಯಾರನ್ನೂ ಬಿಡಲ್ಲ."

"ಹೇಳಿದ್ರು, ಹೇಳಿದ್ರು. ಬಿದ್ದುಹೋಗುತ್ತೆ ಅಂದ್ಕೊಂಡೆ."

"ಬೀಳುತ್ತಾ ಇದು? ನೋಡಿಲ್ಲಿ." ಇವರು ಬೆರಳಿಟ್ಟು ತೋರಿಸಿದರು. ನಾನೂ ಬಗ್ಗಿದೆ. ಪಟ್ಟಿ ಕಾಂಡದೊಳಗೆ ಹೂತುಹೋಗಿತ್ತು. ಅದರ ಕೆಳಗೆ ಕಾಂಡ ಸಣಕಲಾಗಿತ್ತು. ಮೇಲುಗಡೆ ಹೊಟ್ಟೆ ಬಂದ ಹಾಗೆ ಊದಿಕೊಂಡು ತೊಗಟೆ ಸೀಳಿತ್ತು. ಸೀಳಿದ ಜಾಗ ಕಪ್ಪು. "ಗಿಡ ದಪ್ಪ ಆಗ್ತಾ ಹೋಗುತ್ತೆ, ಪಟ್ಟಿ ಬಿಡಲ್ಲ. ಸುತ್ತಿದಾಗ ಸರಿಯಾಗೇ ಇರುತ್ತೆ, ಆಮೇಲೆ ಊದಿದಷ್ಟೂ ತಾನೇ ಬಿಗಿ ಆಗುತ್ತೆ. ಕುತ್ತಿಗೆ ಹಿಸುಕಿದ ಹಾಗೆ. ಕಟ್ಟಿನ ಆಚೆಗಿರೋದು ಮೊದಲು ಊದುತ್ತೆ, ಆಮೇಲೆ ಕಪ್ಪಾಗಿ…"

ಇವರು ಮಾತು ನಿಲ್ಲಿಸಿದರು.

ಔಷಧಿ ಅಂಗಡಿಯವಳು "ಆಮೇಲೆ?" ಎಂದಳು.

ನಾನು ಗಿಡ ಬಿಟ್ಟು ಇವರ ಮುಖ ನೋಡಿದೆ. ಇವರು ನನ್ನ ಮುಖ ನೋಡಿದರು. ಬಚ್ಚಲಿನ ಜಾಲರಿಯ ಚೂರು, ಒಡೆಯದ ಪೊಟ್ಟಣ, ನಿಂತು ನಿಂತು ಬೀಳುವ ಹನಿ, ಎಲ್ಲವೂ ಒಂದೇ ಏಟಿಗೆ ಒಂದರ ಪಕ್ಕ ಒಂದು ಬಂದು ನಿಂತವು. ಇವರ ಅಂಗಿಯ ಜೇಬಿನಿಂದ ಕಸಿಪಟ್ಟಿಯ ಸುರುಳಿ ಇಣುಕುತ್ತಿತ್ತು.

"ಬೇರೆ ಗಿಡ ಕೊಡ್ತೀವಿ, ನಾಳೆ ಬನ್ನಿ" ಎಂದೆ ಅವಳಿಗೆ.

ಕೋಣೆಯ ಬಾಗಿಲು ಹಾಕಿ ಚಿಲಕ ಸೇರಿಸಿದೆ. ಇವರು ಮಂಚದ ಅಂಚಿನಲ್ಲಿ ಕೂತು ನೆಲ ನೋಡುತ್ತಿದ್ದರು.

"ಕಟ್ಟು ಬಿಚ್ಚಿದ ದಿನ ಎಲ್ಲಾ ಹಳದಿ ಹಳದಿ ಇತ್ತು ಕಣೆ. ಹೊಲಿಗೆ ಹತ್ರ ಹಸಿ ಹಸಿ. ಕೊಳೆಯೋಕೆ ಶುರುವಾಯ್ತು ಅಂದ್ಕೊಂಡೆ. ನೀರು ಸೇರಿದ್ರೆ ಇನ್ನೂ ಕೊಳೆಯುತ್ತಲ್ಲ ಅಂತ…"

"ಅದು ಕೀವಲ್ಲ ಅಂತ ಡಾಕ್ಟರು ಹೇಳಿದ್ರು."

"ನನಗೆ ಹೇಳ್ಲಿಲ್ಲ."

"ನೀವು ಹೊರಗೆ ನಿಂತಿದ್ರಿ."

ಇವರು ಪಂಚೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಪಟ್ಟಿ ಸುತ್ತಿದ ಮೇಲೆ ಬಟ್ಟೆ ತಾಗೋದು ನಿಂತುಹೋಯ್ತು. ಉರೀನೂ ನಿಂತುಹೋಯ್ತು. ಕೂಡ್ಕೋತಾ ಇದೆ ಅಂದ್ಕೊಂಡೆ. ಕಸಿಯಲ್ಲಿ ಬಿಚ್ಚಿ ನೋಡಬಾರದಲ್ಲ" ಎಂದರು. ತುದಿಯನ್ನು ಮೂತ್ರಕ್ಕೆಂದು ಬಿಟ್ಟು, ಹೊಲಿಗೆಯ ಗೆರೆಯ ಮೇಲೆ ಅಚ್ಚುಕಟ್ಟಾಗಿ ಪದರ ಪದರವಾಗಿ ಸುತ್ತಿದ್ದರಂತೆ. ಮೇಲಿನ ಪದರ ಒದ್ದೆಯಾದರೆ ಅದನ್ನಷ್ಟೇ ಕತ್ತರಿಸಿ ತೆಗೆಯುತ್ತಿದ್ದರು. ಒಳಗಿನದನ್ನು ಮುಟ್ಟಿರಲಿಲ್ಲ.

ಪಂಚೆ ಸರಿಸಿದರು. ನಾನು ನೋಡಿದೆ.

ಕಂಡದ್ದನ್ನು ಹೆಚ್ಚು ವರ್ಣಿಸಲಾರೆ. ನಿಂಬೆಯ ಕಾಂಡವನ್ನು ಆಗಷ್ಟೇ ನೋಡಿ ಬಂದಿದ್ದೆ, ಅದೇ ಸಾಕು. ಪಟ್ಟಿಯ ಆಚೆ ಎಲ್ಲ ಊದಿ ಬಿಗಿದು ಹೊಳೆಯುತ್ತಿತ್ತು, ಬಣ್ಣ ಬದನೆಕಾಯಿಯದು. ಒಂದು ಕಡೆ ಅದಕ್ಕಿಂತಲೂ ಕಪ್ಪು. ಪಟ್ಟಿಯ ಈಚೆ, ಬುಡದಿಂದ ಹೊಟ್ಟೆಯ ಕೆಳಗಿನವರೆಗೆ, ಚರ್ಮ ಕೆಂಪಾಗಿ ಉಬ್ಬಿತ್ತು. ಹೂದಾನಿಯ ವಾಸನೆ ಈಗ ಸಣ್ಣದಾಗಿರಲಿಲ್ಲ.

ಕತ್ತರಿ ತರಲು ಎದ್ದೆ. ಕತ್ತರಿಯ ತುದಿ ತೂರಿಸಲು ಜಾಗವೇ ಇಲ್ಲ ಎಂದು ಎದ್ದಾಗಲೇ ಗೊತ್ತಿತ್ತು.

"ತುಂಬಾ ಕೆಟ್ಟಿದ್ಯಾ?" ಎಂದು ಇವರು ಕೇಳಿದರು. ಸುತ್ತಿದ ದಿನದಿಂದ ಇವರು ತಾವೂ ಸರಿಯಾಗಿ ನೋಡಿಕೊಂಡಿರಲಿಲ್ಲ.

"ಆಸ್ಪತ್ರೆಗೆ ಹೋಗ್ಬೇಕು. ಈಗ."

"ಕೇಳಿದ್ದು ಅದಲ್ಲ."

"ಗೊತ್ತು. ಎದ್ದೇಳಿ."

ಬಾಗಿಲು ತೆಗೆದರೆ ಅತ್ತಿಗೆ ಎದುರಿಗೇ ನಿಂತಿದ್ದರು. "ಹಾಡಹಗಲೇ ಚಿಲಕ ಹಾಕ್ಕೊಂಡು ಏನ್ರೋ ಅದು?" ಎಂದು ನಗಲು ಹೊರಟವರು ನನ್ನ ಮುಖ ನೋಡಿ ದಾರಿ ಬಿಟ್ಟರು.

ಆಸ್ಪತ್ರೆಯಲ್ಲಿ ಪಟ್ಟಿಯನ್ನು ಬಿಡಿಸಲು ಡಾಕ್ಟರಿಗೆ ಬಹಳ ಹೊತ್ತು ಹಿಡಿಯಿತು. ಮರಗಟ್ಟಿಸುವ ಸೂಜಿ ಬೇಕಾಗಲೇ ಇಲ್ಲ ಎಂದು ಸಿಸ್ಟರ್ ಹೇಳಿದಳು. ಒಳ್ಳೆಯ ಸುದ್ದಿಯೆಂಬ ಹಾಗೆ ಹೇಳಿದಳು. ಡಾಕ್ಟರು ಹಾಗೆ ಹೇಳಲಿಲ್ಲ.

"ಯಾರು ಕಟ್ಟಿದ್ದು ಇದು?"

"ಅವರೇ."

"ಏನು ಕೆಲಸ ಮಾಡ್ತಾರೆ?"

ಹೇಳಿದೆ. ಡಾಕ್ಟರು ಬಿಡಿಸಿದ ಪಟ್ಟಿಯ ಕಡೆ ನೋಡಿ, "ಕಟ್ಟಿರೋದು ತುಂಬಾ ಚೆನ್ನಾಗಿತ್ತು. ಅದೇ ತೊಂದರೆ ಆಗಿರೋದು" ಎಂದರು. ಹೊಲಿಗೆಯ ಅಂಚಿನ ಚರ್ಮ ಒಂದಷ್ಟು ಸತ್ತಿದೆ, ಎಷ್ಟು ಉಳಿಯುತ್ತದೆಂದು ಕಾದು ನೋಡಬೇಕು, ಆದರೆ ತಮಗೆ ಹೆದರಿಕೆ ಅದರದ್ದಲ್ಲ ಎಂದರು. ನಂಜು ಮೇಲಕ್ಕೆ ಹತ್ತುತ್ತಿದೆಯೇ ಎನ್ನುವುದೇ ಈಗಿನ ಪ್ರಶ್ನೆ. ಜೇಬಿನಿಂದ ಪೆನ್ನು ತೆಗೆದು, ಇವರ ಹೊಟ್ಟೆಯ ಕೆಳಗೆ, ತೊಡೆಯ ಸಂದಿನಲ್ಲಿ, ಕೆಂಪು ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೆ ಸರಿಯಾಗಿ ನೀಲಿ ಗೆರೆ ಎಳೆದರು.

"ಔಷಧಿ ಹಿಡಿದ್ರೆ ಕೆಂಪು ಈ ಗೆರೆಯಿಂದ ಹಿಂದಕ್ಕೆ ಹೋಗುತ್ತೆ. ಗೆರೆ ದಾಟಿದ್ರೆ ಕಾಯೋ ಹಾಗಿಲ್ಲ. ತಕ್ಷಣ ಒಳಗೆ ಕರ್ಕೊಂಡು ಹೋಗಿ ತೆಗೀಬೇಕು. ಏನೇನು ತೆಗೀಬೇಕು ಅಂತ ಆಗ ಗೊತ್ತಾಗುತ್ತೆ. ತಡ ಆದ್ರೆ ಜೀವಕ್ಕೇ ಬರುತ್ತೆ. ಸಿಸ್ಟರ್ ನೋಡ್ತಿರ್ತಾರೆ. ನೀವೂ ನೋಡ್ತಿರಿ."

ನೋಡುವ ಕೆಲಸ ಕೊನೆಗೂ ನನಗೆ ಸಿಕ್ಕಿತು.

ವಾರ್ಡಿನಲ್ಲಿ ಹಾಸಿಗೆಗಳು ಒಂದಕ್ಕೊಂದು ಅಂಟಿಕೊಂಡಂತಿದ್ದವು. ನಮ್ಮ ಕಡೆಯ ಪರದೆಯ ಕೊಂಡಿ ಕಿತ್ತುಹೋಗಿತ್ತು. ಪಕ್ಕದ ಹಾಸಿಗೆಯಲ್ಲಿ ಕಾಲು ಮುರಿದುಕೊಂಡ ಬಸ್ ಚಾಲಕ. ಅವನನ್ನು ನೋಡಲು ಬಂದವರು ನಮ್ಮ ಹಾಸಿಗೆಯ ತುದಿಗೂ ಕೂರುತ್ತಿದ್ದರು. ಮೊದಲೆರಡು ಸಲ ನಾನು ಸೆರಗು ಅಡ್ಡ ಹಿಡಿದು ಹೊದಿಕೆ ಎತ್ತಿ ನೋಡಿದೆ. ಚರ್ಮದ ಕೆಂಪು ನೀಲಿ ಗೆರೆಯ ಒಳಗೇ ಇತ್ತು. ಮೂರನೆಯ ಸಲಕ್ಕೆ ಇವರು ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಸಾಕು. ಎಲ್ಲರೂ ನೋಡ್ತಿದಾರೆ. ಸಿಸ್ಟರ್ ಬಂದಾಗ ನೋಡ್ತಾಳೆ."

ಸಿಸ್ಟರ್ ಬರಲಿಲ್ಲ. ಎಲ್ಲೋ ಅಪಘಾತವಾಗಿ ಒಟ್ಟಿಗೆ ಹಲವರನ್ನು ತಂದಿದ್ದರು. ಓಣಿಯಲ್ಲಿ ಗಾಲಿಗಳ ಸದ್ದು, ಓಡುವ ಕಾಲುಗಳು. ಕಿಟಕಿಯ ಬಿಸಿಲು ನೆಲದಿಂದ ಹಾಸಿಗೆಯ ಕಾಲಿಗೆ ಬಂದು, ಅಲ್ಲಿಂದ ಗೋಡೆಗೆ ಹತ್ತಿತು. ಇವರ ತುಟಿ ಒಣಗಿತ್ತು. ಮಾತು ಸ್ವಲ್ಪ ತೊದಲುತ್ತಿತ್ತು, ಅಥವಾ ನನಗೆ ಹಾಗೆ ಕೇಳಿಸಿತು.

"ಒಂದ್ಸಲ ನೋಡ್ತೀನಿ."

"ನೋವಿಲ್ಲ ಅಂದ್ನಲ್ಲ."

"ಅದಕ್ಕೇ ನೋಡ್ಬೇಕು."

"ಆಮೇಲೆ."

ಬಲವಂತ ಮಾಡಿ ಹೊದಿಕೆ ಎಳೆಯಬಹುದಿತ್ತು. ಬಸ್ ಚಾಲಕನ ಭಾವಮೈದುನ ನಮ್ಮನ್ನೇ ನೋಡುತ್ತಿದ್ದ. ಇಷ್ಟು ವರ್ಷ ಮರ್ಯಾದೆಯಿಂದ ಬದುಕಿದ ಮನುಷ್ಯ ಹೊದಿಕೆಯ ಅಂಚನ್ನು ಮಗುವಿನ ಹಾಗೆ ಹಿಡಿದು ಮಲಗಿದ್ದರು. ನನ್ನ ಕೈ ಮುಂದೆ ಹೋಗಿ ಹಿಂದೆ ಬಂತು.

ಆಗ ಅತ್ತಿಗೆ ಬಂದರು. ಕೈಯಲ್ಲಿ ಡಬ್ಬಿ, ಉಸಿರಾಡಲು ಆಗದಷ್ಟು ಏದುಸಿರು.

"ಮೂರು ಮಹಡಿ ಹತ್ತಿಸಿದ್ರಲ್ಲೋ! ಲಿಫ್ಟ್ ಕೆಟ್ಟಿದ್ಯಂತೆ. ಏನಾಯ್ತೋ ನಿನಗೆ? ಹರ್ನಿಯಾ ಮತ್ತೆ ಬಂತಾ?"

ಇವರು ಕಣ್ಣು ಮುಚ್ಚಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಹಾಸಿಗೆಯ ಅಂಚಿನಲ್ಲಿ ಕೂತು, ಇವರ ಹಣೆ ಮುಟ್ಟಿ, ಕೈ ಹಿಂದಕ್ಕೆ ತೆಗೆದರು. ದನಿ ಇಳಿಯಿತು.

"ನೋಡು, ಚಿಕ್ಕಂದಿನಲ್ಲಿ ನಿನ್ನ ಕುಂಡೆ ತೊಳೆದೋಳು ನಾನು. ನನ್ನ ಹತ್ರ ಯಾವ ಹರ್ನಿಯಾನೂ ನಡೆಯಲ್ಲ. ಏನೋ ಮುಚ್ಚಿಟ್ಕೊಂಡಿದೀಯ. ಇವಳು ಆಗಿನಿಂದ ಆ ಹೊದಿಕೆನೇ ನೋಡ್ತಿದಾಳೆ, ಬಾಗಿಲಿಂದಲೇ ಕಂಡೆ. ಅವಳಿಗೆ ತೋರ್ಸೋ."

ಪಕ್ಕದ ಹಾಸಿಗೆಯವರೆಲ್ಲ ನಮ್ಮ ಕಡೆ ತಿರುಗಿದರು. ಅತ್ತಿಗೆ ಎದ್ದು, ನಮಗೆ ಬೆನ್ನು ಮಾಡಿ, ಸೆರಗನ್ನು ಎರಡೂ ಕೈಯಲ್ಲಿ ಅಗಲವಾಗಿ ಹರಡಿ ಪರದೆಯಿಲ್ಲದ ಕಡೆ ನಿಂತರು. "ಏನ್ರಪ್ಪಾ, ಸಿನಿಮಾನಾ ಇಲ್ಲಿ? ಆ ಕಡೆ ತಿರುಗ್ರಿ" ಎಂದು ಗದರಿದರು. ಬಸ್ ಚಾಲಕನ ಕಡೆಯವರೆಲ್ಲ ಗೋಡೆಯ ಕಡೆ ತಿರುಗಿದರು.

ಇವರು ಕಣ್ಣು ತೆರೆದು ನನ್ನನ್ನು ನೋಡಿದರು. ಆಮೇಲೆ ಹೊದಿಕೆಯನ್ನು ತಾವೇ ಸರಿಸಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರು ನನಗೆ ಯಾವುದನ್ನೂ ಹೀಗೆ, ಹಗಲಿನಲ್ಲಿ, ತಾವಾಗಿ ತೋರಿಸಿದ್ದಿಲ್ಲ.

ನೀಲಿ ಗೆರೆ ಇದ್ದಲ್ಲೇ ಇತ್ತು. ಹೊಟ್ಟೆಯ ಕೆಳಭಾಗದಲ್ಲಿ ಕೆಂಪು ಅದಕ್ಕೆ ತಾಗಿ ನಿಂತಿತ್ತು. ಎಡ ತೊಡೆಯ ಸಂದಿನಲ್ಲಿ ಮಾತ್ರ ಅದು ಗೆರೆಯ ಅಡಿಯಿಂದ ನುಸುಳಿ ಉಗುರಿನಗಲ ಹೊರಗೆ ಬಂದಿತ್ತು. ಹೊರಬಂದ ಜಾಗದಲ್ಲಿ ಸಾಸಿವೆಯಷ್ಟು ಗಾತ್ರದ ಒಂದು ಕಪ್ಪು ಗುಳ್ಳೆ.

"ದಾಟಿದ್ಯಾ?" ಎಂದರು ಇವರು.

ನೋಡಿಕೊಂಡರೆ ಬದುಕುತ್ತೆ ಎನ್ನುವಂಥ ಮಾತುಗಳು ನನ್ನಲ್ಲಿ ಎಷ್ಟೋ ಇದ್ದವು. ಸ್ವಲ್ಪ, ಒಂಚೂರು, ಇರಬಹುದು, ನೋಡೋಣ. ಒಂದೂ ಉಪಯೋಗಕ್ಕೆ ಬರಲಿಲ್ಲ.

"ದಾಟಿದೆ."

ಇವರು ತಲೆಯಾಡಿಸಿದರು. ನನ್ನ ತಲೆಯ ಮೇಲೆ ತೂಗುತ್ತಿದ್ದ ಕರೆಗಂಟೆಯ ಗುಂಡಿಗೆ ನಾನು ಕೈಚಾಚುವ ಮೊದಲೇ ಇವರು ಅದನ್ನು ಎಳೆದುಕೊಂಡು ಒತ್ತಿದರು. ಒತ್ತಿದ ಬೆರಳನ್ನು ತೆಗೆಯಲಿಲ್ಲ. ಯಾರೂ ಬರುವುದು ಕಾಣಲಿಲ್ಲ. ಅತ್ತಿಗೆ ಸೆರಗು ಹಿಡಿದೇ "ಸಿಸ್ಟರ್! ಸಿಸ್ಟರ್!" ಎಂದು ಕೂಗತೊಡಗಿದರು, ಬಸ್ ಚಾಲಕನ ಭಾವಮೈದುನ ಓಣಿಯ ಕಡೆ ಓಡಿದ.

"ಅವರು ಬರೋವರೆಗೂ ಮುಚ್ಚಬೇಡ" ಎಂದರು ಇವರು. "ನೋಡ್ತಾ ಇರು."

ನಾನು ನೋಡುತ್ತಾ ಇದ್ದೆ.